ತಗಡು ಹಾರಿದ್ದೆಲ್ಲ ಸುಂಟರಗಾಳಿಯೇ? ಟಾರ್ನೆಡೋ ಹುಟ್ಟುವ ಬಗೆ, ಅದು ಮಾಡುವ ಹಾನಿ

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಗಿರಿ ತಾಲ್ಲೂಕಿನ ಅಡಿಕೆ ಸೀಮೆಯ ಒಂದು ಊರು. ಈ ಸಲ ಕೃತ್ತಿಕಾ ಮಳೆ ಹಿಡಿದ ಎರಡನೆಯ ದಿನ ಸಂಜೆ ನಾಲ್ಕೂವರೆಯ ಸುಮಾರಿಗೆ ಎದ್ದ ಗಾಳಿ ಹತ್ತು ನಿಮಿಷವೂ ಬೀಸಿರಲಿಕ್ಕಿಲ್ಲ. ಅಷ್ಟರಲ್ಲೇ ನಮ್ಮ ಕೊಟ್ಟಿಗೆಯ ಹನ್ನೊಂದು ತಗಡಿನ ಶೀಟುಗಳು ಕಿತ್ತುಕೊಂಡು ಹೋಗಿ ಪಕ್ಕದವರ ಬಾಳೆತೋಟದಲ್ಲಿ ಬಿದ್ದವು, ಫಸಲಿಗೆ ಬಂದಿದ್ದ ನಲವತ್ತಮೂರು ಅಡಿಕೆ ಮರಗಳು ಮುರಿದವು ಇಲ್ಲವೇ ಬುಡಸಹಿತ ಮಗುಚಿದವು. ಮರುದಿನದ ಪತ್ರಿಕೆಯಲ್ಲಿ ‘ಸುಂಟರಗಾಳಿಗೆ ತೋಟ ನೆಲಸಮ’ ಎಂದು ಸುದ್ದಿ ಬಂತು. ಮಹಜರಿಗೆ ಬಂದವರು ‘ಬಿರುಗಾಳಿ ಸಹಿತ ಮಳೆ’ ಎಂದು ಬರೆದುಕೊಂಡರು. ನಮ್ಮ ತಾಯಿಯವರು ಮಾತ್ರ ಅದು ಸುಳಿಗಾಳಿಯೇ ಎಂದು ಈಗಲೂ ಪಟ್ಟು ಹಿಡಿದಿದ್ದಾರೆ.

ಒಂಬತ್ತನೇ ತರಗತಿಯ ನನ್ನ ಮಗಳು ಅಮೆರಿಕದ ಟಾರ್ನೆಡೋ ವಿಡಿಯೊ ಒಂದನ್ನು ತೋರಿಸಿ, ನಮ್ಮಲ್ಲಿ ಬಂದದ್ದೂ ಇದೇನಾ ಅಪ್ಪಾ ಎಂದು ಕೇಳಿದಳು. ಮೋಡದಿಂದ ಸೊಂಡಿಲು ಇಳಿದದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿಲ್ಲ. ಆದರೆ ಆ ಹೊತ್ತಿನಲ್ಲಿ ಕಣ್ಣು ಬಿಟ್ಟು ನೋಡುವ ಸ್ಥಿತಿಯಲ್ಲೂ ಯಾರೂ ಇರಲಿಲ್ಲ. ಟಾರ್ನೆಡೋ ಎಂಬುದು ನಿಜವಾಗಿ ಹೇಗೆ ಹುಟ್ಟುತ್ತದೆ, ಅದು ಮಾಡುವ ಹಾನಿಗೂ ನಮ್ಮ ಮಳೆಗಾಳಿಯ ಹಾನಿಗೂ ವ್ಯತ್ಯಾಸ ಹೇಗೆ ತಿಳಿಯುತ್ತದೆ ಎಂಬುದನ್ನು ಬಲ್ಲವರು ವಿವರಿಸಬೇಕಾಗಿ ಕೋರುತ್ತೇನೆ.

ಮುಗಿಲು:

ತೋಟದಮನೆಯವರೇ, ಹಾನಿಯ ಬಗ್ಗೆ ಓದಿ ಬೇಸರವಾಯಿತು. ನಾನು ಹವಾಮಾನಶಾಸ್ತ್ರ ಓದಿದವನು. ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ, ಏಕೆಂದರೆ ನಮ್ಮ ಪತ್ರಿಕೆಗಳು ಇವನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಧಾರಾಳವಾಗಿ ಬಳಸುತ್ತವೆ. ಚಂಡಮಾರುತವು ಸಮುದ್ರದ ಮೇಲೆ ಹುಟ್ಟಿ, ನೂರಾರು ಕಿಲೋಮೀಟರ್ ಹರಡಿ, ದಿನಗಟ್ಟಲೆ ಬದುಕುವಂಥದ್ದು. ಬೇಸಿಗೆಯ ಮಧ್ಯಾಹ್ನ ಉತ್ತ ಹೊಲದಲ್ಲಿ ಧೂಳು, ತರಗೆಲೆಗಳನ್ನು ಎತ್ತಿಕೊಂಡು ಗಿರಗಿರನೆ ಸುತ್ತುವ ಸುಳಿಗಾಳಿಯು ಕಾದ ನೆಲದಿಂದ ಮೇಲೇಳುವಂಥದ್ದು, ಅದಕ್ಕೆ ಮೋಡವೇ ಬೇಕಿಲ್ಲ. ಟಾರ್ನೆಡೋ ಎಂಬ ಅರ್ಥದ ಸುಂಟರಗಾಳಿಯು ಗುಡುಗುಮೋಡದ ತಳಕ್ಕೂ ನೆಲಕ್ಕೂ ಏಕಕಾಲದಲ್ಲಿ ಅಂಟಿಕೊಂಡು ಸುತ್ತುವ ಗಾಳಿಯ ಕಂಬ. ಮೋಡದಿಂದ ಸೊಂಡಿಲು ಇಳಿದರೂ ಗಾಳಿಯ ಸುತ್ತು ನೆಲ ಮುಟ್ಟದಿದ್ದರೆ ಅದು ಟಾರ್ನೆಡೋ ಅಲ್ಲ. ಸೊಂಡಿಲು ಕಾಣದೆ ನೆಲದ ಮೇಲೆ ಧೂಳಿನ ಸುತ್ತು ಮಾತ್ರ ಕಂಡರೂ ಅದು ಟಾರ್ನೆಡೋ ಆಗಿರಬಹುದು.

ಇನ್ನು ಹುಟ್ಟುವ ಬಗೆ. ದೀಪದ ಬತ್ತಿ ಹೊಸೆಯುವುದನ್ನು ನೆನಪಿಸಿಕೊಳ್ಳಿ. ಕೆಳಗಿನ ಅಂಗೈ ಕದಲದೆ ಇರುತ್ತದೆ, ಮೇಲಿನ ಅಂಗೈ ಮುಂದಕ್ಕೆ ಸರಿಯುತ್ತದೆ, ನಡುವಿನ ಹತ್ತಿ ಉರುಳುತ್ತಾ ಸುತ್ತಿಕೊಳ್ಳುತ್ತದೆ. ನೆಲದ ಬಳಿ ಗಾಳಿ ನಿಧಾನವಾಗಿದ್ದು, ಐದಾರು ಕಿಲೋಮೀಟರ್ ಎತ್ತರದಲ್ಲಿ ಬೇರೆ ದಿಕ್ಕಿನಿಂದ ಬಲವಾಗಿ ಬೀಸುತ್ತಿದ್ದರೆ, ನಡುವಿನ ಗಾಳಿಯೂ ಹೀಗೆಯೇ ಅಡ್ಡಡ್ಡ ಉರುಳತೊಡಗುತ್ತದೆ. ಕಣ್ಣಿಗೆ ಕಾಣದ ಈ ಮಲಗಿದ ಬತ್ತಿಯ ನಡುಭಾಗವನ್ನು ಗುಡುಗುಮೋಡದೊಳಗೆ ರಭಸದಿಂದ ಏರುವ ಬಿಸಿಗಾಳಿ ಮೇಲೆತ್ತಿದಾಗ, ಅಡ್ಡವಾಗಿದ್ದ ಸುತ್ತು ನೆಟ್ಟಗೆ ನಿಲ್ಲುತ್ತದೆ. ಆಗ ಮೋಡದ ಒಡಲೇ ಕೆಲವು ಕಿಲೋಮೀಟರ್ ಅಗಲಕ್ಕೆ ನಿಧಾನವಾಗಿ ತಿರುಗುತ್ತದೆ. ಇಂತಹ ತಿರುಗುವ ಮೋಡವನ್ನು ಸೂಪರ್‌ಸೆಲ್ ಎನ್ನುತ್ತಾರೆ. ಭಾರೀ ಟಾರ್ನೆಡೋಗಳೆಲ್ಲ ಬಹುಪಾಲು ಇವುಗಳಿಂದಲೇ ಹುಟ್ಟುತ್ತವೆ.

ಅಮೆರಿಕದ ನಡುಬಯಲಿನಲ್ಲಿ ಇದಕ್ಕೆ ಬೇಕಾದ್ದೆಲ್ಲ ಏಪ್ರಿಲ್, ಮೇ ತಿಂಗಳಲ್ಲಿ ಒಂದೆಡೆ ಕೂಡುತ್ತದೆ. ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ತೇವದ ಬಿಸಿಗಾಳಿ ನೆಲಕ್ಕೆ ಒತ್ತಿಕೊಂಡು ಬರುತ್ತದೆ. ನೈಋತ್ಯದ ಒಣ ಪ್ರಸ್ಥಭೂಮಿಯಿಂದ ಬಂದ ಬಿಸಿ ಒಣಗಾಳಿ ಅದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಅದಕ್ಕೂ ಮೇಲೆ ಪಶ್ಚಿಮದಿಂದ ಜೆಟ್ ಗಾಳಿ, ಅಂದರೆ ಬಹಳ ಎತ್ತರದಲ್ಲಿ ನದಿಯಂತೆ ರಭಸವಾಗಿ ಸಾಗುವ ಗಾಳಿ, ಹರಿಯುತ್ತಿರುತ್ತದೆ. ಮುಚ್ಚಳ ಇರುವುದರಿಂದ ಬೆಳಗಿನಿಂದ ಸಣ್ಣಪುಟ್ಟ ಮೋಡಗಳಾಗಿ ಶಕ್ತಿ ಸೋರಿಹೋಗುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಅದು ಒಂದೆರಡು ಕಡೆ ಒಡೆದರೆ, ಕುಕ್ಕರಿನ ಸೇಫ್ಟಿ ವಾಲ್ವ್ ಹಾರಿದಂತೆ ಮೋಡ ಒಂದೇ ಗಂಟೆಯಲ್ಲಿ ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆದು ನಿಲ್ಲುತ್ತದೆ. ವರ್ಷಕ್ಕೆ ಸರಾಸರಿ 1,200 ಟಾರ್ನೆಡೋಗಳು ಆ ದೇಶವೊಂದರಲ್ಲೇ ದಾಖಲಾಗುತ್ತವೆ.

ಸಂದೇಹಿ:

ಮುಗಿಲು ಅವರೇ, ಬತ್ತಿಯ ಹೋಲಿಕೆ ಚೆನ್ನಾಗಿದೆ. ಆದರೆ ಮೋಡವು ಕಿಲೋಮೀಟರುಗಟ್ಟಲೆ ಅಗಲಕ್ಕೆ ನಿಧಾನವಾಗಿ ತಿರುಗುವುದಕ್ಕೂ, ನೂರು ಮೀಟರ್ ಅಗಲದ ಕಂಬವೊಂದು ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಸುತ್ತುವುದಕ್ಕೂ ನಡುವೆ ಬಹಳ ದೂರವಿದೆ. ಶಾಲೆಯಲ್ಲಿ ನಮಗೆ ‘ಬಿಸಿಗಾಳಿಯೂ ತಣ್ಣನೆಯ ಗಾಳಿಯೂ ಡಿಕ್ಕಿ ಹೊಡೆದಾಗ ಸುಂಟರಗಾಳಿ ಆಗುತ್ತದೆ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದರು. ಹಾಗಿದ್ದರೆ ಪ್ರತಿ ಮಳೆಗೂ ಆಗಬೇಕಿತ್ತಲ್ಲ?

ಮುಗಿಲು:

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಮೋಡ ತಿರುಗಿದ ಮಾತ್ರಕ್ಕೆ ಟಾರ್ನೆಡೋ ಆಗುವುದಿಲ್ಲ. ರೇಡಾರಿನಲ್ಲಿ ಕಾಣುವ ಇಂತಹ ತಿರುಗುಮೋಡಗಳಲ್ಲಿ ನಾಲ್ಕಕ್ಕೆ ಒಂದು ಟಾರ್ನೆಡೋ ಹೆತ್ತರೆ ಹೆಚ್ಚು. ಮೇಲೆ ಹೇಳಿದ ಸುತ್ತು ಮೋಡದ ನಡುಮಟ್ಟದಲ್ಲಿರುತ್ತದೆ, ನೆಲದ ಬಳಿ ಇರುವುದಿಲ್ಲ. ನೆಲಮಟ್ಟದಲ್ಲಿ ಸುತ್ತು ಹುಟ್ಟಬೇಕಾದರೆ ಮೋಡದಿಂದ ಕೆಳಗಿಳಿಯುವ ಗಾಳಿಯ ನೆರವು ಬೇಕು. ಮಳೆ, ಆಲಿಕಲ್ಲುಗಳ ಜೊತೆ ಮೋಡದ ಹಿಂಬದಿಯಿಂದ ಇಳಿಯುವ ಗಾಳಿಯು ಏರುಗಾಳಿಯನ್ನು ಬಳಸಿಕೊಂಡು ಬರುವಾಗ ನೆಲದ ಬಳಿ ಸುತ್ತುಗಳನ್ನು ಹುಟ್ಟಿಸುತ್ತದೆ. ಆ ಇಳಿಗಾಳಿ ತೀರಾ ತಣ್ಣಗಿದ್ದು ಭಾರವಾಗಿದ್ದರೆ ನೆಲಕ್ಕೆ ಚಪ್ಪಟೆಯಾಗಿ ಹರಡಿ ಎಲ್ಲವನ್ನೂ ಕೆಡಿಸುತ್ತದೆ. ಅಷ್ಟೇನೂ ತಣ್ಣಗಿಲ್ಲದಿದ್ದರೆ ಮೇಲಿನ ಏರುಗಾಳಿ ಅದನ್ನು ಸುತ್ತಿನ ಸಮೇತ ಎಳೆದುಕೊಂಡು ಉದ್ದಕ್ಕೆ ಹಿಗ್ಗಿಸುತ್ತದೆ.

ಹಿಗ್ಗಿದಂತೆ ಸುತ್ತು ಸಣ್ಣದಾಗುತ್ತದೆ, ಸಣ್ಣದಾದಂತೆ ವೇಗ ಏರುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಮಕ್ಕಳು ತಿರುಗಿಸುವಾಗ, ದಾರವನ್ನು ಒಳಕ್ಕೆ ಎಳೆದುಕೊಂಡರೆ ಕಲ್ಲು ಇನ್ನಷ್ಟು ರಭಸದಿಂದ ತಿರುಗುವುದನ್ನು ನೀವು ನೋಡಿರಬಹುದು. ಇಲ್ಲಿಯೂ ಅದೇ ನಿಯಮ. ಸೊಂಡಿಲು ಮೇಲಿನಿಂದ ಕೆಳಕ್ಕೆ ಇಳಿಯುವಂತೆ ಕಣ್ಣಿಗೆ ಕಂಡರೂ, ವೇಗದ ರೇಡಾರುಗಳಿಂದ ಅಮೆರಿಕದ ಓಕ್ಲಹೋಮಾ ರಾಜ್ಯದ ಎಲ್ ರೆನೋ ಮುಂತಾದೆಡೆ ಮಾಡಿದ ಅಳತೆಗಳಲ್ಲಿ ಬಲವಾದ ಸುತ್ತು ನೆಲದ ಹತ್ತಿರವೇ ಮೊದಲು ಕಾಣಿಸಿಕೊಂಡದ್ದುಂಟು. ಕಣ್ಣಿಗೆ ಕಾಣುವುದು ಒಳಗಿನ ಒತ್ತಡ ಕುಸಿದು ತೇವ ಮಂಜಾಗುವುದು ಮಾತ್ರ. ಗಾಳಿಯ ಸುತ್ತು ಅದಕ್ಕಿಂತ ಅಗಲವಾಗಿರುತ್ತದೆ. ಒತ್ತಡ ಎಷ್ಟು ಕುಸಿಯುತ್ತದೆ ಎಂಬುದನ್ನು ಅಳೆದವರು ಅಮೆರಿಕದ ಟಾರ್ನೆಡೋ ಸಂಶೋಧಕ ಟಿಮ್ ಸಮಾರಸ್. 2003ರ ಜೂನ್ 24ರಂದು ದಕ್ಷಿಣ ಡಕೋಟದ ಮ್ಯಾಂಚೆಸ್ಟರ್ ಎಂಬ ಪುಟ್ಟ ಊರಿನ ಬಳಿ ಅವರು ದಾರಿಯಲ್ಲಿ ಇಟ್ಟುಬಂದ ಶಂಕುವಿನಾಕಾರದ ಉಪಕರಣದ ಮೇಲೆಯೇ ಟಾರ್ನೆಡೋ ಹಾದು, 100 ಹೆಕ್ಟೊಪ್ಯಾಸ್ಕಲ್‌ನಷ್ಟು ಕುಸಿತ ದಾಖಲಾಯಿತು. ಸಮುದ್ರಮಟ್ಟದಿಂದ ಚನ್ನಗಿರಿಗಿಂತಲೂ ಎತ್ತರದ ಊರಿಗೆ ಕ್ಷಣಾರ್ಧದಲ್ಲಿ ಏರಿದಂತೆ ಅದು.

ಡಲ್ಲಾಸ್ ಕನ್ನಡತಿ:

ಇದನ್ನು ಓದುತ್ತಿದ್ದಂತೆ 2019ರ ಅಕ್ಟೋಬರ್ 20ರ ರಾತ್ರಿ ನೆನಪಾಯಿತು. ನಾವಾಗ ಡಲ್ಲಾಸ್‌ಗೆ ಹೊಂದಿಕೊಂಡ ರಿಚರ್ಡ್‌ಸನ್‌ನಲ್ಲಿದ್ದೆವು. ಭಾನುವಾರ, ದೀಪಾವಳಿಗೆ ಇನ್ನೊಂದು ವಾರ. ರಾತ್ರಿ ಒಂಬತ್ತರ ಸುಮಾರಿಗೆ ಮನೆಯಲ್ಲಿದ್ದ ಮೂರು ಫೋನುಗಳೂ ಒಟ್ಟಿಗೇ ಕಿರುಚಿದವು. ಟೆಕ್ಸಸ್‌ನ ಈ ಭಾಗದ ಮನೆಗಳಲ್ಲಿ ನೆಲಮಾಳಿಗೆ ಇರುವುದು ಅಪರೂಪ. ಆದ್ದರಿಂದ ಹೊರಗೋಡೆ, ಕಿಟಕಿ ಯಾವುದೂ ತಾಗದ ಒಳಕೋಣೆಗೆ ಹೋಗಿ ಕೂರಬೇಕು. ನಮ್ಮಲ್ಲಿ ಅದು ಮೆಟ್ಟಿಲಿನ ಕೆಳಗಿದ್ದ ಬಟ್ಟೆಯ ಗೂಡು. ಮೈಸೂರಿನಿಂದ ಬಂದಿದ್ದ ಅತ್ತೆಯವರು ‘ಇಷ್ಟು ದೊಡ್ಡ ಮನೆ ಇಟ್ಟುಕೊಂಡು ಬೀರುವಿನೊಳಗೆ ಯಾಕಮ್ಮಾ ಕೂರಬೇಕು?’ ಎಂದು ಕೇಳುತ್ತಲೇ ಒಳಗೆ ಬಂದರು. ಮಗನಿಗೆ ಕ್ರಿಕೆಟ್ ಹೆಲ್ಮೆಟ್ ಹಾಕಿದೆವು, ಎಲ್ಲರೂ ಶೂ ಹಾಕಿಕೊಂಡೆವು, ಏಕೆಂದರೆ ಆಮೇಲೆ ಗಾಜು, ಮೊಳೆಗಳ ಮೇಲೆ ನಡೆಯಬೇಕಾಗಿ ಬರಬಹುದು. ನನ್ನ ಯಜಮಾನರು ಹಾಸಿಗೆಯೊಂದನ್ನು ನಮ್ಮೆಲ್ಲರ ತಲೆಯ ಮೇಲೆ ಹಿಡಿದು ನಿಂತರು.

ಅದು ಹಾದುಹೋದದ್ದು ನಮ್ಮ ಮನೆಯಿಂದ ಸುಮಾರು ಒಂದೂವರೆ ಮೈಲಿ ದೂರದಲ್ಲಿ. ರೈಲು ಬಂದಂತೆ ಸದ್ದಾಗುತ್ತದೆ ಎನ್ನುತ್ತಾರೆ. ನಮಗೆ ಕೇಳಿಸಿದ್ದು ಆಲಿಕಲ್ಲಿನ ಸದ್ದು, ಆಮೇಲೆ ಮೌನ. ಬೆಳಿಗ್ಗೆ ನೋಡಿದರೆ ಹಿತ್ತಲಿನ ಹುಲ್ಲಿನ ತುಂಬ ಗುಲಾಬಿ ಬಣ್ಣದ ಹತ್ತಿಯಂಥ ತುಣುಕುಗಳು. ಯಾರದೋ ಮನೆಯ ಅಟ್ಟದಲ್ಲಿ ಶಾಖ ತಡೆಯಲು ಹಾಸಿದ್ದ ಗಾಜುನಾರು ಅದು. ಆ ರಾತ್ರಿಯ ಟಾರ್ನೆಡೋ ಇ.ಎಫ್. 3 ಎಂಬ ದರ್ಜೆಯದೆಂದು ದಾಖಲಾಯಿತು, ಹಾನಿ 150 ಕೋಟಿ ಡಾಲರ್ ದಾಟಿತು, ಥಾಮಸ್ ಜೆಫರ್ಸನ್ ಪ್ರೌಢಶಾಲೆ ಹಾಳಾಯಿತು. ಆದರೆ ಒಂದು ಜೀವವೂ ಹೋಗಲಿಲ್ಲ. ಭಾನುವಾರ ರಾತ್ರಿಯಾದ್ದರಿಂದ ಶಾಲೆ, ಕಚೇರಿಗಳು ಖಾಲಿ ಇದ್ದವು, ಜನ ಮನೆಯಲ್ಲಿ ಎಚ್ಚರವಾಗಿದ್ದರು. 2015ರ ಡಿಸೆಂಬರ್ 26ರ ಸಂಜೆ ಇಲ್ಲೇ ಪಕ್ಕದ ಗಾರ್ಲೆಂಡ್‌ನಲ್ಲಿ ಹತ್ತು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹೆದ್ದಾರಿಗಳು ಕೂಡುವಲ್ಲಿ ವಾಹನಗಳೊಳಗೆ ಸಿಕ್ಕಿಕೊಂಡವರು.

ಗಾರೆ ಕರಣೆ:

ನಾನು ಕಟ್ಟಡ ವಿನ್ಯಾಸದ ಇಂಜಿನಿಯರ್. ಹಾನಿಯ ಮಾತು ಬಂದಿರುವುದರಿಂದ ನನ್ನ ಕಡೆಯಿಂದ ಕೆಲವು ವಿಷಯ. ಗಾಳಿಯ ವೇಗ ಎರಡರಷ್ಟಾದರೆ ಗೋಡೆಯ ಮೇಲಿನ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಇದು ಮೊದಲನೆಯದು. ಎರಡನೆಯದು, ಮಾಡಿನ ಮೇಲೆ ಹಾಯುವ ಗಾಳಿ ಮಾಡನ್ನು ಕೆಳಕ್ಕೆ ಒತ್ತುವುದಕ್ಕಿಂತ ಮೇಲಕ್ಕೆ ಹೀರುತ್ತದೆ. ನಾವು ಕಟ್ಟುವ ಮಾಡುಗಳು ಭಾರವನ್ನು ಕೆಳಕ್ಕೆ ದಾಟಿಸಲು ಮಾಡಿದಂಥವು. ಮೇಲಕ್ಕೆ ಎಳೆದರೆ ಹಿಡಿದಿಡಲು ಅಲ್ಲಿರುವುದು ಬರೀ ಮೊಳೆ.

2013ರ ಮೇ 20ರಂದು ಓಕ್ಲಹೋಮಾದ ಮೂರ್ ಪಟ್ಟಣವನ್ನು ಹಾದ ಟಾರ್ನೆಡೋವನ್ನು ನಮ್ಮ ವೃತ್ತಿಯವರು ಬಹಳ ಹತ್ತಿರದಿಂದ ಅಧ್ಯಯನ ಮಾಡಿದ್ದಾರೆ. ಮಧ್ಯಾಹ್ನ 2 ಗಂಟೆ 56 ನಿಮಿಷಕ್ಕೆ ನೆಲ ಮುಟ್ಟಿ ಸುಮಾರು ನಲವತ್ತು ನಿಮಿಷ ನೆಲದ ಮೇಲೆ ಉಳಿದ ಅದು, ಕೆಲವೆಡೆ ಒಂದೂವರೆ ಕಿಲೋಮೀಟರಿಗಿಂತ ಅಗಲವಿತ್ತು. 24 ಜನ ಸತ್ತರು. ಅವರಲ್ಲಿ ಏಳು ಮಕ್ಕಳು ಪ್ಲಾಜಾ ಟವರ್ಸ್ ಎಂಬ ಪ್ರಾಥಮಿಕ ಶಾಲೆಯಲ್ಲಿ ಗೋಡೆ ಕುಸಿದು ಸತ್ತವರು. ಆ ಶಾಲೆಯಲ್ಲಿ ಸುರಕ್ಷಾ ಕೊಠಡಿ ಇರಲಿಲ್ಲ. ಮನೆಗಳು ಬಿದ್ದ ಕ್ರಮವನ್ನು ನೋಡಿದರೆ ಬಹಳ ಕಡೆ ಕಥೆ ಶುರುವಾಗುವುದು ಕಾರು ನಿಲ್ಲಿಸುವ ಗ್ಯಾರೇಜಿನ ಬಾಗಿಲಿನಿಂದ. ಹದಿನಾರು ಅಡಿ ಅಗಲದ ತೆಳುತಗಡಿನ ಬಾಗಿಲು ಒಳಕ್ಕೆ ಬಾಗಿ ಕಿತ್ತುಬರುತ್ತದೆ. ಒಳನುಗ್ಗಿದ ಗಾಳಿ ಮಾಡನ್ನು ಕೆಳಗಿನಿಂದ ದೂಡುತ್ತದೆ, ಹೊರಗಿನ ಗಾಳಿ ಮೇಲಿನಿಂದ ಹೀರುತ್ತದೆ. ಮಾಡು ಎದ್ದ ಮೇಲೆ ತಲೆಯ ಹಿಡಿತ ತಪ್ಪಿದ ಗೋಡೆಗಳು ಒಂದೊಂದಾಗಿ ಹೊರಕ್ಕೆ ಮಲಗುತ್ತವೆ. ತೊಲೆಯನ್ನೂ ಗೋಡೆಯನ್ನೂ ಕೂಡಿಸುವಲ್ಲಿ ಕೈಯಗಲದ ಒಂದು ಲೋಹದ ಪಟ್ಟಿ ಇದ್ದಿದ್ದರೆ ಎಷ್ಟೋ ಮನೆಗಳು ನಿಲ್ಲುತ್ತಿದ್ದವು. ಟಾರ್ನೆಡೋದ ನಟ್ಟನಡುವೆ ಸಿಕ್ಕವು ನಿಲ್ಲುತ್ತಿರಲಿಲ್ಲ, ಆದರೆ ಅದರ ಅಂಚಿನಲ್ಲಿ ಸಿಗುವ ಮನೆಗಳೇ ಯಾವಾಗಲೂ ಹೆಚ್ಚು. ಮೂರ್ ಪಟ್ಟಣದವರು 2014ರಲ್ಲಿ ತಮ್ಮ ಕಟ್ಟಡ ನಿಯಮವನ್ನೇ ಬದಲಿಸಿ, ಗಂಟೆಗೆ 135 ಮೈಲಿ ಎಂದರೆ ಸುಮಾರು 217 ಕಿಲೋಮೀಟರ್ ವೇಗದ ಗಾಳಿಗೆ ನಿಲ್ಲುವಂತೆ ಹೊಸ ಮನೆ ಕಟ್ಟಬೇಕೆಂದು ವಿಧಿಸಿದರು. ಅದೇ ಊರಿಗೆ 1999ರ ಮೇ 3ರಂದೂ ಅಷ್ಟೇ ಭೀಕರವಾದದ್ದು ಬಡಿದಿತ್ತು ಎಂಬುದನ್ನು ನೆನೆದರೆ, ಹದಿನೈದು ವರ್ಷ ಏಕೆ ಬೇಕಾಯಿತು ಎಂದು ಕೇಳಬೇಕೆನಿಸುತ್ತದೆ.

ಇನ್ನೊಂದು ಮಾತು. ಕೊಲ್ಲುವುದು ಬಹುಮಟ್ಟಿಗೆ ಗಾಳಿಯಲ್ಲ, ಗಾಳಿ ಹೊತ್ತು ತರುವ ವಸ್ತುಗಳು. 2011ರ ಮೇ 22ರಂದು ಮಿಸ್ಸೂರಿಯ ಜಾಪ್ಲಿನ್ ನಗರದಲ್ಲಿ 158 ಜನ ಟಾರ್ನೆಡೋಗೆ ನೇರವಾಗಿ ಬಲಿಯಾದರು. ಅಲ್ಲಿನ ಸೇಂಟ್ ಜಾನ್ಸ್ ಆಸ್ಪತ್ರೆಯ ಕಾಂಕ್ರೀಟು ಮತ್ತು ಉಕ್ಕಿನ ಅಸ್ಥಿಪಂಜರ ನಿಂತೇ ಇತ್ತು. ಆದರೆ ಕಿಟಕಿಗಳೆಲ್ಲ ಒಡೆದು, ವಿದ್ಯುತ್ತೂ ಬದಲಿ ವಿದ್ಯುತ್ತೂ ಹೋಗಿ, ಆಸ್ಪತ್ರೆ ಆಸ್ಪತ್ರೆಯಾಗಿ ಉಳಿಯಲಿಲ್ಲ, ಕೊನೆಗೆ ಕಟ್ಟಡವನ್ನೇ ಕೆಡವಿದರು. ಅಲ್ಲಿನ ಎಕ್ಸ್‌ರೇ ಹಾಳೆಗಳು ನೂರು ಕಿಲೋಮೀಟರಿಗೂ ಆಚೆ ಜನರ ಮನೆಯಂಗಳದಲ್ಲಿ ಸಿಕ್ಕವು.

ಸಂದೇಹಿ:

ಒಳಗಿನ ಒತ್ತಡ ಹೆಚ್ಚಾಗಿ ಮನೆ ಸಿಡಿಯುತ್ತದೆ, ಆದ್ದರಿಂದ ಕಿಟಕಿ ತೆರೆದಿಡಬೇಕು ಎಂದು ಎಲ್ಲೋ ಓದಿದ್ದೆ. ಅದು ನಿಜವೇ? ಭೂಮಿಯ ತಾಪ ಏರುತ್ತಿರುವುದರಿಂದ ಇವು ಹೆಚ್ಚುತ್ತಿವೆಯೇ ಎಂಬುದನ್ನೂ ಯಾರಾದರೂ ಹೇಳಿ.

ಗಾರೆ ಕರಣೆ:

ಕಿಟಕಿಯ ಮಾತು ಹಳೆಯ ತಪ್ಪು ತಿಳಿವಳಿಕೆ. ಮನೆಗಳು ಸಾಕಷ್ಟು ಸೋರುತ್ತವೆ, ಒತ್ತಡ ತಾನಾಗಿ ಸಮವಾಗುತ್ತದೆ. ಕಿಟಕಿ ತೆರೆದರೆ ಗಾಳಿಯನ್ನು ಕರೆದು ಒಳಗೆ ಬಿಟ್ಟುಕೊಂಡಂತೆ, ಜೊತೆಗೆ ಗಾಜಿನ ಮುಂದೆ ನಿಂತು ಸಮಯ ಹಾಳು ಮಾಡಿದಂತೆ. ಗೋಡೆಗಳು ಹೊರಕ್ಕೆ ಬಿದ್ದಿರುವುದನ್ನು ನೋಡಿದವರಿಗೆ ಸ್ಫೋಟದಂತೆ ಕಂಡದ್ದರಿಂದ ಈ ನಂಬಿಕೆ ಬೆಳೆಯಿತು. ಹೆದ್ದಾರಿಯ ಮೇಲ್ಸೇತುವೆಯ ಅಡಿಯಲ್ಲಿ ನಿಲ್ಲುವುದೂ ಇಂಥದೇ. ಸೇತುವೆಯ ಕೆಳಗೆ ಗಾಳಿ ಸಂದಿಯಲ್ಲಿ ನುಗ್ಗಿದಂತೆ ನುಗ್ಗುತ್ತದೆ. 1999ರ ಮೇ 3ರಂದು ಓಕ್ಲಹೋಮಾದಲ್ಲಿ ಮೂವರು ಹಾಗೆ ಸೇತುವೆಯ ಅಡಿಗೆ ಹೋಗಿ ಸತ್ತರು.

ಮುಗಿಲು:

ತಾಪದ ಪ್ರಶ್ನೆಗೆ ಚುಟುಕಾಗಿ ಹೇಳುವುದಾದರೆ, ಅಮೆರಿಕದ ದಾಖಲೆಗಳಲ್ಲಿ ಬಲವಾದ ಟಾರ್ನೆಡೋಗಳ ವಾರ್ಷಿಕ ಸಂಖ್ಯೆ ಏರುತ್ತಿದೆ ಎನ್ನಲು ಸ್ಪಷ್ಟ ಆಧಾರವಿಲ್ಲ. ಟಾರ್ನೆಡೋ ಆಗುವ ದಿನಗಳು ಕಡಿಮೆಯಾಗಿ, ಆದ ದಿನ ಗುಂಪಾಗಿ ಬರುವುದು ಹೆಚ್ಚಿದೆ; ಬಯಲು ರಾಜ್ಯಗಳಿಗಿಂತ ಆಗ್ನೇಯದ ಕಡೆಗೆ ವಾಲುತ್ತಿರುವುದೂ ಕಾಣುತ್ತದೆ.

ನಾನು ಹೇಳಬೇಕೆಂದಿದ್ದದ್ದು ಅಳತೆಯ ವಿಷಯ. ಮೇಲೆ ಇ.ಎಫ್. 3 ಎಂದು ಬಂತು. ಬಹಳ ಜನ ಇದನ್ನು ಗಾಳಿಯ ವೇಗದ ಅಳತೆ ಎಂದುಕೊಳ್ಳುತ್ತಾರೆ. ಅದು ಹಾನಿಯ ಅಳತೆ. ಹಾನಿ ನೋಡಿ ವೇಗವನ್ನು ಊಹಿಸುತ್ತಾರೆ. ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿದ್ದ ಜಪಾನಿನ ಟೆಟ್ಸುಯಾ ಫ್ಯುಜಿಟಾ 1971ರಲ್ಲಿ ಇದನ್ನು ರೂಪಿಸಿದರು. 2007ರಿಂದ ಅಮೆರಿಕದಲ್ಲಿ ಇ.ಎಫ್., ಅಂದರೆ ಎನ್‌ಹಾನ್ಸ್ಡ್ ಫ್ಯುಜಿಟಾ ಎಂಬ ಪರಿಷ್ಕೃತ ರೂಪ ಬಳಕೆಯಲ್ಲಿದೆ. ಸೊನ್ನೆಯಿಂದ ಐದರವರೆಗೆ ದರ್ಜೆ, ಐದು ಎಂದರೆ ಗಂಟೆಗೆ 322 ಕಿಲೋಮೀಟರ್ ಮೀರಿದ ಗಾಳಿ. ಹಾನಿಯಾಗಲು ಅಲ್ಲಿ ಏನಾದರೂ ಇರಬೇಕಲ್ಲ? 2013ರ ಮೇ 31ರಂದು ಎಲ್ ರೆನೋ ಊರಿನ ಬಳಿ ಎದ್ದದ್ದು 4.2 ಕಿಲೋಮೀಟರ್ ಅಗಲವಿತ್ತು, ದಾಖಲಾದವುಗಳಲ್ಲಿ ಅತ್ಯಂತ ಅಗಲವಾದದ್ದು; ಸಂಚಾರಿ ರೇಡಾರುಗಳು ಅದರೊಳಗೆ ಐದನೇ ದರ್ಜೆಯನ್ನೂ ಎಷ್ಟೋ ಮೀರಿದ ವೇಗ ಕಂಡವು. ಆದರೆ ಅದು ಹಾದದ್ದು ಬಹುಪಾಲು ಬಯಲು ಹೊಲಗಳಲ್ಲಿ, ಹಾಗಾಗಿ ಕಾಗದದ ಮೇಲೆ ಅದು ಮೂರನೇ ದರ್ಜೆಯದ್ದಾಗಿ ಉಳಿಯಿತು. ನಾನು ಮೊದಲು ಹೇಳಿದ ಟಿಮ್ ಸಮಾರಸ್, ಅವರ ಮಗ ಪಾಲ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್ ಮೂವರೂ ಅಂದು ಅದರ ಕೈಗೆ ಸಿಕ್ಕಿ ತೀರಿಕೊಂಡರು. ಜೀವಮಾನವೆಲ್ಲ ಅದನ್ನು ಅಳೆಯುತ್ತಾ, ಎಚ್ಚರಿಕೆಗೆ ಹೆಸರಾಗಿದ್ದವರು ಅವರು.

ಫ್ಯುಜಿಟಾ ಅವರ ಇನ್ನೊಂದು ಕೆಲಸ ತೋಟದಮನೆಯವರಿಗೆ ನೇರವಾಗಿ ಉಪಯೋಗವಾದೀತು. 1945ರಲ್ಲಿ, ಅಣುಬಾಂಬು ಬಿದ್ದ ಕೆಲವೇ ವಾರಗಳಲ್ಲಿ ಅವರು ನಾಗಸಾಕಿ ಮತ್ತು ಹಿರೋಶಿಮಾಗಳಿಗೆ ಹೋಗಿ, ಮರಗಳು ಸ್ಫೋಟದ ಕೇಂದ್ರದಿಂದ ಹೊರಮುಖವಾಗಿ ನಕ್ಷತ್ರದಂತೆ ಮಲಗಿದ್ದನ್ನು ಗಮನಿಸಿದ್ದರು. ಮೂವತ್ತು ವರ್ಷಗಳ ನಂತರ, ಟಾರ್ನೆಡೋ ಎಂದು ಭಾವಿಸಿದ್ದ ಕಾಡಿನ ಹಾನಿಯನ್ನು ವಿಮಾನದಿಂದ ನೋಡುವಾಗ ಅದೇ ನಕ್ಷತ್ರ ಕಂಡು, ಇದು ಸುತ್ತಿದ ಗಾಳಿಯಲ್ಲ, ಮೋಡದಿಂದ ನೆಲಕ್ಕೆ ಸುರಿದ ಗಾಳಿ ಎಂದು ಗುರುತಿಸಿದರು. ಇದಕ್ಕೆ ಡೌನ್‌ಬರ್ಸ್ಟ್ ಎಂದು ಹೆಸರಾಯಿತು. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ 66 ವಿಮಾನ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತದ್ದಕ್ಕೆ ಇದೇ ಕಾರಣವೆಂದು ಅವರು ತೋರಿಸಿದರು. ಎತ್ತರದಿಂದ ಬಿಂದಿಗೆ ನೀರು ಸುರಿದರೆ ಅದು ನೆಲಕ್ಕೆ ಬಡಿದು ಸುತ್ತ ಹರಡುತ್ತದಲ್ಲ, ಹಾಗೆ. ಟಾರ್ನೆಡೋ ಹಾದ ದಾರಿ ಕಿರಿದಾಗಿ ಉದ್ದಕ್ಕೆ ಇರುತ್ತದೆ, ಮರಗಳು ಆ ದಾರಿಯ ನಡುವಿನತ್ತ ತಲೆ ಹಾಕಿ ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಸುರಿದ ಗಾಳಿಯಾದರೆ ಬೀಸಣಿಗೆ ಬಿಚ್ಚಿದಂತೆ ಒಂದೇ ಕಡೆಗೆ ತುಸು ತುಸು ಹರವಾಗಿ ಮಲಗಿರುತ್ತವೆ. ನಿಮ್ಮ ಮರಗಳು ಇನ್ನೂ ಬಿದ್ದಲ್ಲೇ ಇದ್ದರೆ ದಿಕ್ಕು ನೋಡಿ ತಿಳಿಸುವಿರಾ?

ಹೂಗ್ಲಿ ತೀರ:

ನಾನು ಇಪ್ಪತ್ತೆರಡು ವರ್ಷಗಳಿಂದ ಕೋಲ್ಕತ್ತದಲ್ಲಿರುವ ಕನ್ನಡಿಗ. ಚರ್ಚೆಯೆಲ್ಲ ಅಮೆರಿಕದ ಸುತ್ತ ನಡೆದಿದೆ. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಜೀವ ತೆಗೆದ ಟಾರ್ನೆಡೋ ಬಂದದ್ದು ಬಾಂಗ್ಲಾದೇಶದಲ್ಲಿ. 1989ರ ಏಪ್ರಿಲ್ 26ರ ಸಂಜೆ ಮಾಣಿಕ್‌ಗಂಜ್ ಜಿಲ್ಲೆಯ ದೌಲತ್‌ಪುರ, ಸಾಟುರಿಯಾ ಭಾಗದಲ್ಲಿ ಸುಮಾರು 1,300 ಜನ ಸತ್ತರು. ತಿಂಗಳುಗಟ್ಟಲೆ ಮಳೆಯಿಲ್ಲದೆ ಅಲ್ಲಿಯ ಜನ ಮಳೆಗಾಗಿ ಕಾದಿದ್ದರು. 1996ರ ಮೇ 13ರಂದು ಟಾಂಗೈಲ್ ಕಡೆ ಮತ್ತೆ ಆರುನೂರಕ್ಕೂ ಹೆಚ್ಚು ಸಾವು. ಅಮೆರಿಕದ ಅತಿ ಘೋರವಾದ 1925ರ ಮಾರ್ಚ್ 18ರ ಟಾರ್ನೆಡೋ ಮೂರು ರಾಜ್ಯಗಳಲ್ಲಿ 350 ಕಿಲೋಮೀಟರ್ ಓಡಿ ಕೊಂದದ್ದು 695 ಜನರನ್ನು.

ಬಂಗಾಳದ ಕಾರಣಗಳು ಮುಗಿಲು ಅವರು ಹೇಳಿದ್ದಕ್ಕೆ ಕನ್ನಡಿ ಹಿಡಿದಂತಿವೆ. ಮೆಕ್ಸಿಕೊ ಕೊಲ್ಲಿಯ ಜಾಗದಲ್ಲಿ ಬಂಗಾಳ ಕೊಲ್ಲಿ, ಒಣ ಪ್ರಸ್ಥಭೂಮಿಯ ಜಾಗದಲ್ಲಿ ಛೋಟಾ ನಾಗಪುರ, ಮೇಲೆ ಹಿಮಾಲಯದ ದಕ್ಷಿಣಕ್ಕೆ ಹರಿಯುವ ಜೆಟ್ ಗಾಳಿ. ಇಲ್ಲಿ ಚೈತ್ರ ವೈಶಾಖದ ಸಂಜೆ ವಾಯವ್ಯದಿಂದ ಬರುವ ಕಾಲ್‌ಬೈಶಾಖಿ ಎಂಬ ಗುಡುಗುಗಾಳಿಗಳಲ್ಲಿ ಕೆಲವು ಹೀಗೆ ಸುತ್ತು ಕಟ್ಟಿಕೊಳ್ಳುತ್ತವೆ. ಸಾವು ಇಷ್ಟೊಂದು ಏಕೆ ಎಂಬುದಕ್ಕೆ ಒತ್ತೊತ್ತಾಗಿ ಬದುಕುವ ಹಳ್ಳಿಗಳು ಒಂದು ಕಾರಣವಾದರೆ, ತಗಡಿನ ಶೀಟುಗಳು ಇನ್ನೊಂದು ಕಾರಣ. ಬಿದಿರು ತಡಿಕೆಯ ಮನೆಗೆ ಹೊದಿಸಿದ ತಗಡು ಗಾಳಿಯಲ್ಲಿ ಹಾರುವಾಗ ಕತ್ತಿಯಾಗುತ್ತದೆ. ಆಸ್ಪತ್ರೆಗೆ ಬಂದವರ ಮೈಮೇಲೆ ಕೊಯ್ದ ಗಾಯಗಳೇ ಹೆಚ್ಚು. ತೋಟದಮನೆಯವರ ಹನ್ನೊಂದು ಶೀಟು ಬಾಳೆಯ ಮೇಲೆ ಬಿದ್ದದ್ದು ಪುಣ್ಯವೇ ಸರಿ.

ನಮ್ಮ ದೇಶಕ್ಕೂ ಇದು ಹೊಸದಲ್ಲ. 1978ರ ಮಾರ್ಚ್ 17ರಂದು ಉತ್ತರ ದೆಹಲಿಯಲ್ಲಿ 28 ಜನ, 2009ರ ಮಾರ್ಚ್ 31ರಂದು ಒಡಿಶಾದ ರಾಜಕನಿಕಾದಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತಿದ್ದರು. 2023ರ ಮಾರ್ಚ್ 24ರಂದು ಪಂಜಾಬಿನ ಫಾಜಿಲ್ಕಾ ಜಿಲ್ಲೆಯ ಬಕೈನ್‌ವಾಲಾದಲ್ಲಿ ಕಿನ್ನೋ ಕಿತ್ತಳೆಯ ತೋಟಗಳನ್ನು ಕಿತ್ತೆಸೆದದ್ದನ್ನು ಹಳ್ಳಿಯವರೇ ವಿಡಿಯೊ ಮಾಡಿದರು.

ಸಂದೇಹಿ:

ಹಾಗಿದ್ದರೆ ಕರ್ನಾಟಕದಲ್ಲಿ ಏಕಿಲ್ಲ? ನಮಗೂ ಅರಬ್ಬೀ ಸಮುದ್ರದ ತೇವವಿದೆ, ಮೇ ತಿಂಗಳ ಬಿಸಿಲಂತೂ ಕೇಳುವುದೇ ಬೇಡ.

ಮುಗಿಲು:

ತೇವವಿದೆ, ಬಿಸಿಲಿದೆ, ಗುಡುಗುಮೋಡಗಳೂ ಎತ್ತರಕ್ಕೆ ಬೆಳೆಯುತ್ತವೆ. ಇಲ್ಲದಿರುವುದು ಮೇಲಿನ ಅಂಗೈ. ಜೆಟ್ ಗಾಳಿ ನಮ್ಮಿಂದ ಬಹಳ ಉತ್ತರದಲ್ಲಿ ಹರಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ತಲೆಯ ಮೇಲಿನ ಗಾಳಿ ಸಾಮಾನ್ಯವಾಗಿ ದುರ್ಬಲ. ಬತ್ತಿ ಹೊಸೆಯುವವರೇ ಇಲ್ಲದಿದ್ದರೆ ಮೋಡ ತಿರುಗುವುದು ಎಲ್ಲಿಂದ ಬಂತು? ಅದು ಬೆಳೆದಲ್ಲೇ ತನ್ನ ಮಳೆಯ ಭಾರಕ್ಕೆ ತಾನೇ ಕುಸಿಯುತ್ತದೆ. ಹಾಗೆ ಕುಸಿಯುವಾಗಲೇ ಡೌನ್‌ಬರ್ಸ್ಟ್ ಬರುವುದು. ಎಂದೂ ಆಗುವುದೇ ಇಲ್ಲ ಎಂದು ನಾನು ಹೇಳಲಾರೆ, ಆದರೆ ನಮ್ಮ ಪತ್ರಿಕೆಗಳ ‘ಸುಂಟರಗಾಳಿ’ಗಳಲ್ಲಿ ಹೆಚ್ಚಿನವು ಇವೇ ಎಂಬುದು ನನ್ನ ಅಭಿಪ್ರಾಯ.

ಡಲ್ಲಾಸ್ ಕನ್ನಡತಿ:

ಮುನ್ಸೂಚನೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಒಂದಿಷ್ಟು ಸೇರಿಸುತ್ತೇನೆ. ಜನ ಗಾಬರಿಯಾದಾರು ಎಂಬ ಕಾರಣಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ದಶಕಗಳ ಕಾಲ ಇಲ್ಲಿನ ಸರ್ಕಾರಿ ಮುನ್ಸೂಚನೆಗಳಲ್ಲಿ ‘ಟಾರ್ನೆಡೋ’ ಎಂಬ ಪದ ಬಳಸುವಂತೆಯೇ ಇರಲಿಲ್ಲ. 1948ರ ಮಾರ್ಚ್ 20ರಂದು ಓಕ್ಲಹೋಮಾದ ಟಿಂಕರ್ ವಾಯುನೆಲೆಗೆ ಒಂದು ಬಡಿದು ವಿಮಾನಗಳು ಪುಡಿಯಾದವು. ಅಲ್ಲಿನ ಹವಾಮಾನ ಅಧಿಕಾರಿಗಳಾದ ಫಾಬುಷ್ ಮತ್ತು ಮಿಲ್ಲರ್ ಹಳೆಯ ನಕ್ಷೆಗಳನ್ನು ತೆಗೆದು ಕೂತರು. ಐದೇ ದಿನಗಳ ನಂತರ ಅದೇ ಬಗೆಯ ನಕ್ಷೆ ಕಂಡು, ಅಳುಕುತ್ತಲೇ ಎಚ್ಚರಿಕೆ ಕೊಟ್ಟರು. ಅಂದು ಸಂಜೆ ಅದೇ ವಾಯುನೆಲೆಗೆ ಎರಡನೆಯ ಟಾರ್ನೆಡೋ ಬಂದೇಬಿಟ್ಟಿತು. ಈಗ ಮೋಡದೊಳಗಿನ ಗಾಳಿಯ ವೇಗವನ್ನೂ ಅಳೆಯುವ ಡಾಪ್ಲರ್ ರೇಡಾರುಗಳಿವೆ, ಗಾಳಿಯಲ್ಲಿ ಹಾರುವ ಮುರುಕು ವಸ್ತುಗಳನ್ನೂ ಅವು ಗುರುತಿಸುತ್ತವೆ. ಆದರೂ ಸಿಗುವ ಕಾಲಾವಕಾಶ ಸರಾಸರಿ ಹತ್ತು ನಿಮಿಷದ ಆಸುಪಾಸು, ಕೊಟ್ಟ ನಾಲ್ಕು ಎಚ್ಚರಿಕೆಗಳಲ್ಲಿ ಸುಮಾರು ಮೂರು ಹುಸಿ. ಜಾಪ್ಲಿನ್‌ನಲ್ಲಿ ಮೊದಲ ಸೈರನ್ ಕೇಳಿಯೂ ಬಹಳ ಜನ ಕದಲಲಿಲ್ಲ, ಏಕೆಂದರೆ ಹಿಂದೆ ಎಷ್ಟೋ ಸಲ ಕೂಗಿ ಏನೂ ಆಗಿರಲಿಲ್ಲ. ನಮ್ಮ ಅತ್ತೆಯವರು ಮಾತ್ರ ಆ ರಾತ್ರಿಯಾದ ಮೇಲೆ, ಮಂಗಳವಾರ ಮಧ್ಯಾಹ್ನ ಪರೀಕ್ಷೆಗೆಂದು ಸೈರನ್ ಹಾಕಿದರೂ ಶೂ ಹುಡುಕತೊಡಗಿದ್ದರು.

ತೋಟದಮನೆ:

ಉತ್ತರ ಬರೆದ ಎಲ್ಲರಿಗೂ ಧನ್ಯವಾದಗಳು. ಮುಗಿಲು ಅವರು ಕೇಳಿದ ಮೇಲೆ ಮಗಳು ಫೋನಿನ ದಿಕ್ಸೂಚಿ ಹಿಡಿದು ತೋಟವೆಲ್ಲ ಸುತ್ತಿದಳು. ಹದಿನೇಳು ಮರಗಳನ್ನು ಆಗಲೇ ಕಡಿದು ದಬ್ಬೆಗೆ ಸೀಳಿಸಿಬಿಟ್ಟಿದ್ದೆವು. ಉಳಿದ ಇಪ್ಪತ್ತಾರು ಬಿದ್ದಲ್ಲೇ ಇದ್ದವು. ಅವುಗಳಲ್ಲಿ ಇಪ್ಪತ್ತಮೂರರ ತಲೆ ಪೂರ್ವ ಮತ್ತು ಈಶಾನ್ಯದ ನಡುವೆ ಇದೆ. ತೋಟದ ಕೆಳಭಾಗಕ್ಕೆ ಹೋದಂತೆ ತುಸು ಆಗ್ನೇಯಕ್ಕೆ ತಿರುಗಿವೆ. ಹಳ್ಳದಾಚೆ ವಾಲಿರುವ ಎರಡು ವಿದ್ಯುತ್ ಕಂಬಗಳೂ ಆಗ್ನೇಯಕ್ಕೇ ವಾಲಿವೆ. ಮೂರು ಮರಗಳು ಮಾತ್ರ ಪಶ್ಚಿಮಕ್ಕೆ ಬಿದ್ದಿದ್ದು, ಅವು ಎಳೆಯವಾದ್ದರಿಂದ ಪಕ್ಕದ ದೊಡ್ಡ ಮರ ಬೀಳುವಾಗ ಬುಡ ಎತ್ತಿ ಎಸೆದಿರಬಹುದೇನೋ ತಿಳಿಯದು. ಮಗಳು ಕಾಗದದ ಮೇಲೆ ಬಾಣಗಳನ್ನು ಹಾಕಿದಾಗ ಬೀಸಣಿಗೆಯೇ ಆಯಿತು.

ಮುಗಿಲು:

ಇಷ್ಟು ವಿವರ ನಮಗೆ ವಿದ್ಯಾರ್ಥಿಗಳಿಂದಲೂ ಸಿಗುವುದಿಲ್ಲ. ಪಶ್ಚಿಮದ ಕಡೆ, ನಿಮ್ಮ ತೋಟಕ್ಕಿಂತ ಹಿಂದೆ, ಗಾಳಿ ಸುರಿದು ಹರಡಿದೆ ಎಂದೇ ಇದು ಹೇಳುತ್ತದೆ. ಆ ಮೂರು ಮರಗಳ ವಿಷಯದಲ್ಲಿ ನಿಮ್ಮ ಊಹೆ ಸರಿಯಿರಬಹುದು. ಇಂತಹ ಗಾಳಿಯ ಮುಂಚೂಣಿಯಲ್ಲಿ ಸಣ್ಣ ಸುಳಿಗಳೂ ಏಳುತ್ತವೆ, ಅದೂ ಆಗಿರಬಹುದು. ನಿಮ್ಮ ತಾಯಿಯವರ ಮಾತು ಅಷ್ಟರ ಮಟ್ಟಿಗೆ ಪೂರ್ತಿ ತಪ್ಪೂ ಅಲ್ಲ.

ತೋಟದಮನೆ:

ಅವರಿಗೆ ತಿಳಿಸಿದೆ, ನಕ್ಕರು. ಹೊಸ ಶೀಟುಗಳು ಬಂದಿವೆ. ಗಾರೆ ಕರಣೆಯವರೇ, ಶೀಟು ಬಿಗಿಯುವ ಜೆ ಆಕಾರದ ಹುಕ್ಕುಗಳನ್ನು ಎಷ್ಟು ಅಂತರಕ್ಕೆ ಹಾಕಿಸಬೇಕು? ಹಿಂದಿನ ಮೇಸ್ತ್ರಿ ಶೀಟಿನ ಪ್ರತಿ ತುದಿಗೆ ಎರಡೆರಡು ಹಾಕಿ ಮುಗಿಸಿದ್ದರು.

ಗಾರೆ ಕರಣೆ:

ಎಲ್ಲ ಕಡೆ ಒಂದೇ ಅಂತರ ಬೇಡ. ಗಾಳಿಯ ಹೀರುವಿಕೆ ಮಾಡಿನ ಅಂಚು, ಮೂಲೆ ಮತ್ತು ಶಿಖರದ ಬಳಿ ಅತಿ ಹೆಚ್ಚು, ನಡುವೆ ಕಡಿಮೆ. ಆದ್ದರಿಂದ ಸೂರಂಚಿನ ಸಾಲಿನಲ್ಲಿಯೂ ಎರಡು ಪಕ್ಕದ ಕೊನೆಯ ಶೀಟುಗಳಲ್ಲಿಯೂ ಒಂದು ಉಬ್ಬು ಬಿಟ್ಟು ಒಂದು ಉಬ್ಬಿಗೆ ಹುಕ್ಕು ಹಾಕಿಸಿ, ನಡುವೆ ಅದರ ಅರ್ಧದಷ್ಟಿದ್ದರೂ ನಡೆದೀತು. ವಾಷರ್ ಅಗಲದ್ದೇ ಇರಲಿ, ಇಲ್ಲದಿದ್ದರೆ ಹುಕ್ಕು ಉಳಿದು ಶೀಟು ಹರಿದು ಹೋಗುತ್ತದೆ. ಅದಕ್ಕೂ ಮೊದಲು ಕಂಬದ ಬುಡವನ್ನು ನೋಡಿ. ಕಂಬವನ್ನು ಬರೀ ಮಣ್ಣಿನಲ್ಲಿ ಹೂತಿದ್ದರೆ, ಶೀಟನ್ನು ಗಟ್ಟಿ ಮಾಡಿದಷ್ಟೂ ಮುಂದಿನ ಗಾಳಿಗೆ ಇಡೀ ಕೊಟ್ಟಿಗೆಯೇ ಏಳುತ್ತದೆ.